ಮೂರನೇ ಪುಟದ ಆಚೆ

ಪುಸ್ತಕ ಹಿಡಿದ ಕೂಡಲೇ ನಿದ್ದೆ ಬರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಯಾರೂ ಗ್ರಂಥಾಲಯ ವಿಜ್ಞಾನ ಓದಲು ಹೋಗುವುದಿಲ್ಲ. ನಾನು ಹೋದೆ. ನಮ್ಮ ಯಜಮಾನರ ಬ್ಯಾಂಕು ನಮ್ಮನ್ನು ತುಮಕೂರಿನಿಂದ ಎತ್ತಿ ಮೊದಲು ಸೂರತ್ತಿನ ಅಡಾಜಣ್‌ನಲ್ಲಿ, ಆಮೇಲೆ ವಡೋದರಾದ ಮಂಜಲ್‌ಪುರದಲ್ಲಿ ಇಳಿಸಿತು. ಮಗಳು ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನಗಳು ವಿಪರೀತ ಉದ್ದವಾದವು. ದೂರಶಿಕ್ಷಣದಲ್ಲಿ ಏನಾದರೂ ಓದೋಣವೆಂದು ಹುಡುಕಿದಾಗ, ಪುಸ್ತಕ ಓದದೆಯೇ ಪುಸ್ತಕದ ವಿಷಯದಲ್ಲಿ ಪಂಡಿತರಾಗುವ ವಿದ್ಯೆ ಇದೊಂದೇ ಎಂದು ತೋರಿತು. ಪುಸ್ತಕಕ್ಕೆ ನಂಬರು ಕೊಡುವುದು, ಕೂರಲು ಜಾಗ ಕೊಡುವುದು, ಯಾರು ಕೊಂಡೊಯ್ದರು ಎಂದು ಕಂಪ್ಯೂಟರಿಗೆ ಹೇಳುವುದು, ಇಷ್ಟೇ. ಒಳಗೆ ಏನು ಬರೆದಿದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ನನ್ನ ನಿದ್ದೆಗೆ ಅರ್ಧ ಕಾರಣ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿರುವ ಹಿಂಚಕೊ. ಹಿಂಚಕೊ ಅಂದರೆ ಇಲ್ಲಿನವರ ಉಯ್ಯಾಲೆ. ಗುಜರಾತಿನ ಮನೆಯಲ್ಲಿ ಸೋಫಾ ಇಲ್ಲದಿದ್ದರೂ ನಡೆಯುತ್ತದೆ, ಇದು ಇಲ್ಲದಿದ್ದರೆ ನಡೆಯುವುದಿಲ್ಲ. ಊಟ ಮುಗಿಸಿ ಅದರ ಮೇಲೆ ಪುಸ್ತಕ ಹಿಡಿದು ಕೂತರೆ ಮೊದಲನೆಯ ಪುಟ ಚೆನ್ನಾಗಿಯೇ ಸಾಗುತ್ತದೆ. ಎರಡನೆಯದರಲ್ಲಿ ಅಕ್ಷರಗಳೂ ನನ್ನ ಜೊತೆ ತೂಗತೊಡಗುತ್ತವೆ. ಮೂರನೆಯದರಲ್ಲಿ ನಾನು ಇರುವುದಿಲ್ಲ. ವಿಶೇಷವೆಂದರೆ, ನಾನು ಮಲಗಿದರೂ ಪುಸ್ತಕ ನಿಲ್ಲುವುದಿಲ್ಲ. ಉಳಿದ ಭಾಗವೆಲ್ಲ ಕನಸಿನಲ್ಲಿ ಸರಾಗವಾಗಿ ನಡೆಯುತ್ತದೆ. ಒಮ್ಮೆ ಡೇಟಾಬೇಸ್ ಕುರಿತ ಪಾಠ ಓದುತ್ತ ಮಲಗಿ, ಡೇಟಾಬೇಸ್ ಎಂಬುವವರ ಮಗಳ ಮದುವೆಯಲ್ಲಿ ಹೋಳಿಗೆ ಊಟ ಮಾಡಿಕೊಂಡು ಎದ್ದಿದ್ದೇನೆ. ತುಪ್ಪ ಧಾರಾಳವಾಗಿ ಬಡಿಸಿದ್ದರು.

ಕೋರ್ಸಿನ ತರಗತಿಗಳು ಆಗಾಗ ಅಹಮದಾಬಾದಿನಲ್ಲಿ ನಡೆಯುತ್ತಿದ್ದವು. ಪ್ರಾಯೋಗಿಕ ತರಬೇತಿಗೆ ಮಾತ್ರ ವಡೋದರಾದ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಕಳಿಸಿದರು. ಅಲ್ಲಿನ ಗ್ರಂಥಪಾಲಕಿ ಹೇತಲ್‌ಬೆನ್, ನಗುಮುಖದ ಹೆಂಗಸು. ವಾಚನಾಲಯದ ತುಂಬ ಸರ್ಕಾರಿ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು. ಅವರೆಲ್ಲ ತಮ್ಮ ಪುಸ್ತಕ ತಾವೇ ತರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಾಗಿರುವುದು ವೈಫೈ, ತಣ್ಣೀರು ಮತ್ತು ಚಾರ್ಜರ್ ಚುಚ್ಚುವ ಜಾಗ. ಆ ವಾಚನಾಲಯದ ಮೂಲೆಯಲ್ಲಿ ಒಂದು ದಿನ ನಾನು ಕನ್ನಡ ಪುಸ್ತಕಗಳನ್ನು ಕಂಡೆ. ಒಂದು ಕಪಾಟು. ಇಲ್ಲಿಂದ ವರ್ಗವಾಗಿ ಹೋಗುವ ಕನ್ನಡದವರು ಸಾಮಾನು ಕಟ್ಟುವಾಗ ಎಲ್ಲಕ್ಕಿಂತ ಮೊದಲು ಭಾರವೆನಿಸುವುದು ಪುಸ್ತಕ. ಹಾಗೆ ಭಾರವಾದವೆಲ್ಲ ಇಲ್ಲಿ ದಾನವಾಗಿ ಬಂದು ಕೂತಿದ್ದವು. ಅಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಹೇತಲ್‌ಬೆನ್ ಅವನ್ನು ಎತ್ತರದ ಪ್ರಕಾರ ಜೋಡಿಸಿದ್ದರು. ಎಡಗಡೆ ದೊಡ್ಡವು, ಬಲಗಡೆ ಚಿಕ್ಕವು, ಶಾಲೆಯ ಗ್ರೂಪ್ ಫೋಟೋದಲ್ಲಿ ನಿಲ್ಲಿಸಿದ ಹಾಗೆ. ಕೆಲವು ತಲೆಕೆಳಗಾಗಿದ್ದವು.

ಅವನ್ನು ಸರಿಯಾಗಿ ಜೋಡಿಸೋಣವೆಂದು ಸೆರಗು ಸಿಕ್ಕಿಸಿಕೊಂಡಾಗ ಹೇತಲ್‌ಬೆನ್ ಕಂಪ್ಯೂಟರ್ ತೋರಿಸಿದರು. ಬಹಳ ಕಾಲ ಯಾರೂ ಕೊಂಡೊಯ್ಯದ ಪುಸ್ತಕಗಳ ಹೆಸರು ಅದರಲ್ಲಿ ಕೆಂಪಾಗುತ್ತದೆ. ಕೆಂಪಾದವು ನೆಲಮಾಳಿಗೆಗೆ ಹೋಗುತ್ತವೆ. ನಮ್ಮ ಕಪಾಟು ಮೇಲಿಂದ ಕೆಳಗೆ ಕುಂಕುಮ ಎರಚಿದ ಹಾಗಿತ್ತು. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಕಳೆ ಕೀಳುವುದು ಎನ್ನುತ್ತಾರೆ. ಅಹಮದಾಬಾದಿನ ಮೇಷ್ಟರು ಇದರ ಪಾಠ ಮಾಡಿದಾಗ ನಾನೂ ತಲೆಯಾಡಿಸಿದ್ದೆ. ಒಳ್ಳೆಯ ಮಾರ್ಕೂ ಬಂದಿತ್ತು.

"ಕೋಈ ವಾಂಚ್ತುಂ ನಥೀ, ಸುಮಾಬೆನ್. ಯಾರೂ ಓದುವುದಿಲ್ಲ ಅಂದಮೇಲೆ ನಾನೇನು ಮಾಡಲಿ, ನೀವೇ ಹೇಳಿ" ಎಂದರು ಹೇತಲ್‌ಬೆನ್. ಆ ಜಾಗಕ್ಕೆ ಎರಡು ಕಂಪ್ಯೂಟರ್ ಬರುವುದಿತ್ತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಕಪಾಟಿನ ಮುಂದಿನಿಂದ ಕದಲಲಿಲ್ಲ. ಈ ಊರಿನ ಬೋರ್ಡುಗಳನ್ನೆಲ್ಲ ನಾನು ಇವತ್ತಿಗೂ ಅಕ್ಷರ ಅಕ್ಷರ ಕೂಡಿಸಿ ಓದುತ್ತೇನೆ. ಆ ಕಪಾಟಿನ ಮುಂದೆ ನಿಂತಾಗ ಮಾತ್ರ ಏನೂ ಕೂಡಿಸಬೇಕಾಗಿಲ್ಲ, ಕಣ್ಣು ತನ್ನ ಪಾಡಿಗೆ ತಾನು ಓದಿಕೊಳ್ಳುತ್ತದೆ. ಅದು ಹೋಗಿಬಿಟ್ಟರೆ ನನಗೆ ಈ ಊರಿನಲ್ಲಿ ನಿಂತು ಉಸಿರು ಬಿಡಲು ಒಂದು ಗೋಡೆಯೂ ಇರುವುದಿಲ್ಲ ಅನ್ನಿಸಿ ಅಳುವೇ ಬಂತು.

ಅವತ್ತೇ ಸದಸ್ಯಳಾದೆ. ಕಾರ್ಡಿಗೆ ನಾಲ್ಕು ಪುಸ್ತಕ ಕೊಡುತ್ತಾರೆ. ವಾರಕ್ಕೊಮ್ಮೆ ನಾಲ್ಕು ತರುವುದು, ನಾಲ್ಕು ಹಿಂತಿರುಗಿಸುವುದು. ಒಂದೊಂದೇ ಹೆಸರು ಕೆಂಪಿನಿಂದ ಹಸಿರಾಗುತ್ತ ಬಂತು. ಚೀಲ ಹೊತ್ತು ಸ್ಕೂಟರ್ ಓಡಿಸಿದ ಯಜಮಾನರು ಕೊನೆಗೆ ಕೇಳಿದರು: "ಅಲ್ವೇ, ನೀನೂ ಓದಲ್ಲ, ನಾನೂ ಓದಲ್ಲ. ಇವಕ್ಯಾಕೆ ವಾರವಾರ ಊರು ತೋರಿಸ್ಕೊಂಡು ಬರ್ತಿದೀಯಾ?" ಓದುವುದಿಲ್ಲ ಎಂದರೆ ತಪ್ಪಾಗುತ್ತದೆ. ಪ್ರತಿಯೊಂದನ್ನೂ ಹಿಂಚಕೊ ಮೇಲೆ ಕೂತು ಮೂರನೇ ಪುಟದವರೆಗೆ ಓದಿದ್ದೇನೆ. ಉಳಿದದ್ದನ್ನು ಮಲಗಿ ನೋಡಿದ್ದೇನೆ.

ಪಾಪ, ಕಂಪ್ಯೂಟರಿಗೆ ನಾನು ಪುಸ್ತಕ ಕೊಂಡೊಯ್ದದ್ದು ಗೊತ್ತು, ನಿದ್ದೆ ಮಾಡಿದ್ದು ಗೊತ್ತಿಲ್ಲ. ಅದು ನನ್ನನ್ನು ವರ್ಷದ ಅತ್ಯುತ್ತಮ ಓದುಗಿ ಎಂದು ಆರಿಸಿಬಿಟ್ಟಿತು. ಶಾಲು ಹೊದಿಸುತ್ತೇವೆ, ನೀವು ಒಂದು ಕನ್ನಡ ಪುಸ್ತಕದ ಬಗ್ಗೆ ಮಾತಾಡಬೇಕು ಎಂದರು ಹೇತಲ್‌ಬೆನ್. ಬೇಡವೆಂದರೆ ಕಪಾಟಿನ ಮರ್ಯಾದೆ ಹೋಗುತ್ತದೆ, ಒಪ್ಪಿಕೊಂಡರೆ ನನ್ನದು. ವಾಟ್ಸಾಪ್ ಗುಂಪಿನಲ್ಲಿ ವಿಷಯ ತಿಳಿದು ಊರಿನ ಕನ್ನಡದವರು ಕೆಲವರು ಬಂದರು. ಪರೀಕ್ಷೆಯ ಹುಡುಗರು ಚಾರ್ಜರ್ ಬಿಟ್ಟು ಏಳಲಾರದೆ ಕೂತರು. ಹೊದಿಕೆಯ ಮೇಲೆ ಬಾವಿಯ ಚಿತ್ರವಿದ್ದ ಒಂದು ದಪ್ಪ ಕಾದಂಬರಿ ಹಿಡಿದು ನಾನು ನಿಂತೆ. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಮೂರು ಪುಟದ ಕಥೆ ಹೇಳುವುದು ಬೇಗ ಮುಗಿದುಹೋಯಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಕನಸಿಗೆ ಇಳಿದೆ.

ಬಾವಿಗೆ ಬಿಂದಿಗೆ ಬೀಳಿಸಿಕೊಂಡ ಹೆಂಗಸು ಅದನ್ನು ಹುಡುಕಿಕೊಂಡು ಒಳಗೆ ಇಳಿಯುತ್ತಾಳೆ. ಅದು ಇಲ್ಲಿನ ವಾವ್‌ಗಳ ಹಾಗೆ ಮೆಟ್ಟಿಲಿರುವ ಬಾವಿ. ಇಳಿದಷ್ಟೂ ಮೆಟ್ಟಿಲು, ಇಳಿದಷ್ಟೂ ತಂಪು. ಒಂದು ಅಂಕಣದಲ್ಲಿ ಅವಳು ಬಾಲ್ಯದಲ್ಲಿ ಬಿಟ್ಟುಬಂದ ಗೆಳತಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಇನ್ನೊಂದರಲ್ಲಿ ರೈಲು ನಿಂತಿದೆ, ಹತ್ತುವವರಿಲ್ಲ. ತಳದಲ್ಲಿ ನೀರಿಲ್ಲ, ಒಂದು ವಾಚನಾಲಯ. ಎಲ್ಲರೂ ತೆರೆದ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿದ್ದಾರೆ. ಮೇಜಿನ ಹಿಂದಿನ ಮುದುಕಿ ತುಂಬಿದ ಬಿಂದಿಗೆ ಎತ್ತಿಟ್ಟು ಕೇಳುತ್ತಾಳೆ: "ಕೊಡ್ತೀನಿ ಮಗಾ. ಮೊದಲು ಹೇಳು, ನೀನು ಇಲ್ಲಿಗೆ ಬರೋವಾಗ ಏನನ್ನ ಮರೆತು ಬಂದೆ?"

ಒಬ್ಬ ಹುಡುಗ ಇಯರ್‌ಫೋನ್ ತೆಗೆದು ಕೂತಿದ್ದ. ನನ್ನ ಕಷ್ಟವೆಂದರೆ, ಕನಸು ಅಲ್ಲಿಗೇ ಮುಗಿದಿತ್ತು. ಅವತ್ತು ಪಕ್ಕದ ಮನೆಯ ಕುಕ್ಕರ್ ಸಿಳ್ಳೆ ಹಾಕಿ ಎಬ್ಬಿಸಿತ್ತು. "ಅವಳು ಕೊಟ್ಟ ಉತ್ತರವನ್ನು ನಾನು ಹೇಳಿದರೆ ಮಜಾ ಹೋಗುತ್ತೆ. ಅದನ್ನು ನೀವೇ ಓದಬೇಕು" ಎಂದು ಶಾಲು ಸರಿಮಾಡಿಕೊಂಡು ಇಳಿದುಬಿಟ್ಟೆ.

ಆ ಪುಸ್ತಕವನ್ನು ಅಲ್ಲೇ ಕೈಯಿಂದ ಕಿತ್ತುಕೊಂಡವರು ದೇಸಾಯರು. ಹುಬ್ಬಳ್ಳಿಯವರು, ರೈಲ್ವೆಯಲ್ಲಿದ್ದು ನಿವೃತ್ತರಾಗಿ ಇಲ್ಲೇ ನೆಲೆಸಿದವರು. ಹತ್ತು ದಿನಕ್ಕೆ ನನ್ನನ್ನು ಹಿಡಿದು ನಿಲ್ಲಿಸಿದರು. "ಅಲ್ಲವ್ವಾ ತಂಗೀ, ಪುಸ್ತಕ ಪೂರಾ ಓದಿ ಮುಗಿಸಿದೆ. ಬಾವಿ ಏನೋ ಅದ. ಅದಕ್ಕ ಮೆಟ್ಟಲಾ ಎಲ್ಲೆ ಅವ?" ನಾನು ಕಪಾಟಿನ ಕಡೆ ಕೈ ತೋರಿಸಿದೆ. "ಹಾಗಾದರೆ ಅದು ಬೇರೆ ಪುಸ್ತಕ ಇರಬೇಕು ಸಾರ್. ಓದಿದ್ದು ಬಹಳ ನೋಡಿ, ಒಂದಕ್ಕೊಂದು ಕಲಸಿಹೋಗಿದೆ. ಅದೇ ಕಪಾಟಿನಲ್ಲಿದೆ" ಎಂದೆ. ಅವರು ಬೇರೆಯದು ಕೊಂಡೊಯ್ದರು. ಅವರ ಹಿಂದೆ ಉಳಿದ ಕನ್ನಡದವರೂ ಆ ಹೆಂಗಸನ್ನು ಹುಡುಕುತ್ತ ಒಂದೊಂದೇ ಪುಸ್ತಕ ಹೊತ್ತರು. ಇಡೀ ಕಪಾಟು ಹಸಿರಾಯಿತು. ಹೇತಲ್‌ಬೆನ್ ಕಂಪ್ಯೂಟರುಗಳನ್ನು ಬೇರೆ ಮೂಲೆಗೆ ಹಾಕಿಸಿದರು. ಕಪಾಟು ಉಳಿಯಿತೆಂದು ನಾನು ಪಾಯಸ ಮಾಡಿ ಹಂಚಿದೆ.

ಹೋದ ವಾರ ದೇಸಾಯರು ಮತ್ತೆ ಸಿಕ್ಕರು. ಮುಖ ಅರಳಿತ್ತು. "ಸಿಕ್ತವ್ವಾ ತಂಗೀ. ಮೆಟ್ಟಲಾ, ರೈಲು, ಮುದುಕಿ, ಎಲ್ಲಾ. ಆಕಿ ಏನ್ ಉತ್ತರಾ ಕೊಡ್ತಾಳ ಅಂತೀ, ಕಣ್ಣಾಗ ನೀರು ಬಂತು ನನಗ."

"ಏನು ಹೇಳ್ತಾಳೆ ಸಾರ್?" ಎಂದು ಕೇಳಿದವಳು ಅತ್ಯುತ್ತಮ ಓದುಗಿಯಲ್ಲ, ಕುಕ್ಕರಿನ ಸಿಳ್ಳೆಗೆ ಕನಸಿನ ನಡುವೆ ಎದ್ದಿದ್ದ ನಾನು.

"ನಾ ಹೇಳಿದ್ರ ಮಜಾ ಹೋಗ್ತದ. ನೀನ ಓದು."

"ಯಾವ ಪುಸ್ತಕ ಅಂತಾದರೂ ಹೇಳಿ ಸಾರ್."

"ಅದ ಕಪಾಟಿನಾಗ ಅದ" ಎಂದು ನಕ್ಕು ಹೊರಟುಬಿಟ್ಟರು. ಅವರ ಎಡಗೆನ್ನೆಯ ಮೇಲೆ ಪುಸ್ತಕದ ಅಂಚು ಒತ್ತಿದ ಗೆರೆ ಇನ್ನೂ ಮಾಸಿರಲಿಲ್ಲ.

ಅಂದಿನಿಂದ ಎಡಗಡೆಯ ಎತ್ತರದ ಪುಸ್ತಕದಿಂದ ಹಿಡಿದು ಒಂದೊಂದಾಗಿ ತರುತ್ತಿದ್ದೇನೆ. ಆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ, ಮಲಗಿದರೇ ಸಿಗುವುದು ಎಂದು ನನಗೆ ಚೆನ್ನಾಗಿ ಗೊತ್ತು. ಹಿಂಚಕೊ ತೂಗುತ್ತದೆ, ಫ್ಯಾನು ತಿರುಗುತ್ತದೆ, ಮೂರನೇ ಪುಟ ಬರುತ್ತದೆ, ಹೋಗುತ್ತದೆ. ನಿನ್ನೆ ಒಂದು ಕಾದಂಬರಿಯನ್ನು ಕೊನೆಯವರೆಗೂ ಓದಿ ಮುಗಿಸಿಬಿಟ್ಟೆ. ಹಾಳಾದ್ದು, ಒಂದು ಆಕಳಿಕೆಯೂ ಬರಲಿಲ್ಲ.