ಸೊಂಟ ಮುಟ್ಟುವ ಮೀಸೆ

ಹೋದ ವರ್ಷದ ಮೀನಿಗೆ ಮೀಸೆ ಸ್ವಲ್ಪ ಉದ್ದವಾಗಿತ್ತು. ಅನಿಸೆತೊ ಕಬ್ರಾಲನ ಕಷ್ಟಕ್ಕೆಲ್ಲ ಅದೇ ಮೂಲ.

ಪರನಾ ನದಿಯ ದಡದಲ್ಲಿರುವ ಪುವೆರ್ತೊ ಗಾರ್ಸಾ ಎಂಬ ಊರಿನಲ್ಲಿ ಲೇಸರ್ ಕೆತ್ತನೆಯ ಯಂತ್ರ ಇದ್ದದ್ದು ಅವನೊಬ್ಬನ ಹತ್ತಿರ. ಊರಿನ ಗಾಳದವರ ಸಂಘ ನಡೆಸುವ ಮೀನು ಪಂದ್ಯದ ಫಲಕಗಳಿಗೆಂದು ಹೋದ ಸಲ ಅವನು ಕಂಪ್ಯೂಟರಿನಲ್ಲಿ 'ದೊಡ್ಡ ನದಿ ಮೀನು' ಎಂದು ಹುಡುಕಿ, ಮೊದಲು ಕಂಡದ್ದನ್ನು ಕೆತ್ತಿಕೊಟ್ಟಿದ್ದ. ಊರಿಗೆ ಬೇಕಿದ್ದದ್ದು ಸುರುಬಿ. ಮೈತುಂಬ ಕಪ್ಪು ಚುಕ್ಕೆಯ, ನದಿಗೇ ರಾಜನಾದ ಮೀನು. ಫಲಕದ ಮೇಲೆ ಬಂದು ಕೂತದ್ದು ಪಾತಿ. ಮೈಮೇಲೆ ಒಂದು ಚುಕ್ಕೆಯೂ ಇಲ್ಲದ, ಮೀಸೆ ಮಾತ್ರ ಬಾಲದ ತನಕ ಎಳೆದುಕೊಂಡು ತಿರುಗುವ, ಬೇರೇನೂ ಸಿಗದ ದಿನ ಸಾರಿಗೆ ಬೀಳುವ ಮೀನು.

ಅಂದಿನಿಂದ ಅವನು ಬೀದಿಗಿಳಿದರೆ ಸಾಕು, ಜನ ಮೂಗಿನ ಕೆಳಗೆ ಎರಡು ಬೆರಳಿಟ್ಟು, ಇಲ್ಲದ ಮೀಸೆಯನ್ನು ಸೊಂಟದ ತನಕ ಎಳೆದು ತೋರಿಸುತ್ತಿದ್ದರು. ಒಮ್ಮೆ ಪಾದ್ರಿಗಳ ಬೆರಳೂ ಮೂಗಿನ ತನಕ ಹೋಗಿ, ದೇವರ ನೆನಪಾಗಿ, ಶಿಲುಬೆಯ ಗುರುತು ಮಾಡಿ ಇಳಿದಿತ್ತು.

ಸಂಘದ ಅಧ್ಯಕ್ಷ ದೋನ್ ಫೌಸ್ತಿನೊ ಈ ಸಲ ಕಡ್ಡಿ ಮುರಿದಂತೆ ಹೇಳಿದ್ದ: "ಚುಕ್ಕೆ ಕಾಣ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಫಲಕ ಪಟ್ಟಣದಿಂದ ತರಿಸ್ತೀವಿ. ನೀನು ನಾಯಿ ಕೊರಳಿನ ಬಿಲ್ಲೆ ಕೆತ್ಕೊಂಡಿರು."

ಪಂದ್ಯದ ದಿನ ಬೆಳಗಾದರೂ ಅನಿಸೆತೊ ಮೀನ ಮೇಷ ಎಣಿಸುತ್ತಾ ಕೂತಿದ್ದ. ಮೇಷದ ಗೊಡವೆ ಅವನಿಗೆ ಬೇಡ; ಮೀನೇ ಸಿಕ್ಕಿರಲಿಲ್ಲ. ಕಂಪ್ಯೂಟರ್ ಕೊಟ್ಟ ಒಂದು ಚಿತ್ರದಲ್ಲಿ ಸುರುಬಿಗೆ ರೆಪ್ಪೆಗೂದಲಿತ್ತು, ಇನ್ನೊಂದರಲ್ಲಿ ಅದು ನಗುತ್ತಿತ್ತು. ಸುದ್ದಿ ಹೇಗೋ ಹೊರಗೆ ಹೋಗಿ, ನೆರೆಹೊರೆಯವರೆಲ್ಲ ತಮ್ಮ ತಮ್ಮ ಫೋಟೊ ಹಿಡಿದು ಬಂದರು. ಕ್ಷೌರಿಕ ತಂದದ್ದರಲ್ಲಿ ಕ್ಷೌರಿಕನೇ ತುಂಬಿಕೊಂಡು, ಮೀನಿಗೆ ಮೂಲೆಯಲ್ಲಿ ಬಾಲದಷ್ಟೇ ಜಾಗ ಉಳಿದಿತ್ತು. ಪಕ್ಕದ ಬೇಕರಿಯ ದೋನ್ಯಾ ಎಲ್ಪಿದಿಯಾ ತಂದದ್ದರಲ್ಲಿ ಮೀನು ಆಗಲೇ ಬಾಣಲೆಯಲ್ಲಿತ್ತು.

"ಚುಕ್ಕೆ ಮಸಾಲೆ ಕೆಳಗಿದೆ ಕಣೋ. ನೀನು ಸ್ವಲ್ಪ ಒರೆಸ್ಕೊ," ಎಂದಳು ಆಕೆ.

ಎಲ್ಲರಿಂದ ತಪ್ಪಿಸಿಕೊಂಡು ಅವನು ನದಿಗೆ ಹೋದ. ಹೆಂಡತಿಯ ಅಣ್ಣ ನಿಕಾನೋರನ ದೋಣಿಕಟ್ಟೆಯ ಹಲಗೆಯ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟು, ತಾಯಿ ಮರಿಯಳಿಗೆ ಒಂದು ಮೊರೆಯಿಟ್ಟ. ತಾಯಿ ತಡಮಾಡಲಿಲ್ಲ. ಕಾಲಿಗೆ ಏನೋ ತಣ್ಣಗೆ ತಗುಲಿತು. ಬಗ್ಗಿ ನೋಡಿದರೆ ಹಲಗೆಯ ಕೆಳಗೆ, ಬಾಯಿಗೆ ಹಗ್ಗ ಪೋಣಿಸಿ ಕಂಬಕ್ಕೆ ಕಟ್ಟಿದ, ಕರುವಿನಷ್ಟು ದೊಡ್ಡ ಜೀವಂತ ಸುರುಬಿ.

ಹಿಡಿದ ಮೀನನ್ನು ಹೀಗೆ ಹಗ್ಗ ಹಾಕಿ ನೀರಲ್ಲೇ ಕಟ್ಟಿಡುವುದು ನದಿಯವರ ಹಳೇ ಪದ್ಧತಿ. ಬೇಕಾದ ದಿನ ತಾಜಾ ಸಿಗುತ್ತದೆ. ಭಾನುವಾರದ ಊಟಕ್ಕೆ ಭಾವ ಕಟ್ಟಿರಬೇಕು ಎಂದುಕೊಂಡ ಅನಿಸೆತೊ, ಊಟಕ್ಕೆ ತನಗೆ ಕರೆ ಬಂದಿಲ್ಲವೆಂದು ಸ್ವಲ್ಪ ನೊಂದ. ಆಮೇಲೆ ಎದೆಮಟ್ಟ ನೀರಿಗಿಳಿದು, ಮದುಮಗಳ ಫೋಟೊ ತೆಗೆಯುವವನಂತೆ ನಾಲ್ಕೂ ಕಡೆಯಿಂದ ತೆಗೆದುಕೊಂಡು, ಓಡಿದ.

ಫಲಕಗಳು ಕಪ್ಪು ಬಳಿದ ಲೋಹದವು. ಲೇಸರ್ ಸುಟ್ಟಲ್ಲಿ ಕಪ್ಪು ಹೋಗಿ ಬಿಳುಪು ಕಾಣುತ್ತದೆ. ಹಾಗಾಗಿ ಚಿತ್ರವನ್ನು ಮೊದಲು ತಿರುವುಮುರುವು ಮಾಡಿಕೊಳ್ಳಬೇಕು. ಆತುರದಲ್ಲಿ ಅದು ಮರೆತು, ಮೊದಲ ಫಲಕದಲ್ಲಿ ಕಪ್ಪು ಮೈಯಲ್ಲಿ ಬಿಳಿ ಚುಕ್ಕೆಯ ಮೀನು ಎದ್ದಿತು. ಕಿಟಕಿಯಲ್ಲಿ ಇಣುಕಿದ ದೋನ್ಯಾ ಎಲ್ಪಿದಿಯಾ, ಅದು ಮೀನಿನ ದೆವ್ವವೆಂದು ಬೀದಿಗೆಲ್ಲ ಸಾರಿದಳು.

ಅನಿಸೆತೊ ಹಲ್ಲು ಕಚ್ಚಿ ಮತ್ತೆ ಕೂತ. ಕಪ್ಪನ್ನು ಬಿಳಿ ಮಾಡಿದ, ಬಿಳಿಯನ್ನು ಕಪ್ಪು ಮಾಡಿದ. ನೀರು ಅಳಿಸಿದ, ಕಂಬ ಅಳಿಸಿದ, ಬಾಯಿಂದ ಹಗ್ಗವನ್ನು ಹಲ್ಲುನೋವಿನ ಡಾಕ್ಟರಂತೆ ಮೆಲ್ಲಗೆ ತೆಗೆದ. ಮೀನನ್ನು ಮಾತ್ರ ಮುಟ್ಟಲಿಲ್ಲ. ಕಿವಿರಿನ ಹಿಂದೆ ಮೂರು ಚುಕ್ಕೆ ಕೂಡಿ ಕುದುರೆ ಲಾಳದಂತಾಗಿದ್ದದ್ದು, ಬಾಲದಲ್ಲಿ ಪಿರಾನ್ಹ ಕಚ್ಚಿ ಬಿಟ್ಟ ಅರ್ಧಚಂದ್ರ, ಎಲ್ಲ ಇದ್ದ ಹಾಗೇ ಉಳಿಯಿತು.

ಮಧ್ಯಾಹ್ನದ ಊಟದ ಹೊತ್ತಿಗೆ ದೋನ್ ಫೌಸ್ತಿನೊ ಬಂದು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, ಫಲಕಗಳನ್ನು ತಾನೇ ಪೆಟ್ಟಿಗೆಗೆ ತುಂಬಿ ಬೀಗ ಹಾಕಿಕೊಂಡು ಹೋದ. ಹೋಗುವಾಗ ಕೈ ಮೂಗಿನ ಹತ್ತಿರಕ್ಕೂ ಹೋಗಲಿಲ್ಲ.

ಊರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ ದೋಣಿಗಳು ಹೊರಟವು. ಯಾವ ಜಾತಿಯದಾದರೂ ಸರಿ, ಎಲ್ಲಕ್ಕಿಂತ ಉದ್ದದ ಮೀನಿಗೆ ಬಹುಮಾನ. ಮೀನು ಸಿಕ್ಕವರು ಕೂಗಿ ಕರೆದರೆ ತೀರ್ಪುಗಾರರು ಬಂದು ಅಳೆದು, ಫೋಟೊ ತೆಗೆದು, ಮೀನನ್ನು ನದಿಗೇ ಬಿಡಿಸುತ್ತಾರೆ. ಆದರೆ ಈ ಸಲ ನದಿ ಮುಷ್ಟಿ ಬಿಚ್ಚಲಿಲ್ಲ. ಸಂಜೆಗೆ ಎಲ್ಲರೂ ಜೋಲು ಮುಖದಲ್ಲಿ ಮರಳಿದರೆ, ನಿಕಾನೋರನೊಬ್ಬ ಎದೆ ಸೆಟೆಸಿ ಬಂದ. ಅವನು ಹಿಡಿದದ್ದು ಇಡೀ ಪಂದ್ಯದ ಒಂದೇ ಸುರುಬಿ.

ಸಂಘದ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಗೆದ್ದ ಮೀನಿನ ಫೋಟೊ ಬಿಳಿ ಬಟ್ಟೆಯ ಮೇಲೆ ದೊಡ್ಡದಾಗಿ ಮೂಡಿತು. ಅದರ ಪಕ್ಕದಲ್ಲೇ ದೋನ್ ಫೌಸ್ತಿನೊ ಫಲಕವನ್ನು ಎತ್ತಿ ಹಿಡಿದ. ಚಪ್ಪಾಳೆ ಶುರುವಾಗಿ, ಅರ್ಧಕ್ಕೇ ನಿಂತಿತು. ಅಲ್ಲೂ ಲಾಳ, ಇಲ್ಲೂ ಲಾಳ. ಅಲ್ಲೂ ಅರ್ಧಚಂದ್ರ, ಇಲ್ಲೂ ಅರ್ಧಚಂದ್ರ.

ದೋನ್ ಫೌಸ್ತಿನೊ ಶಿಲುಬೆಯ ಗುರುತು ಮಾಡಿಕೊಂಡ. "ಈ ಫಲಕ ಮಧ್ಯಾಹ್ನದಿಂದ ನನ್ನ ಬೀಗದೊಳಗಿತ್ತು. ಮೀನು ಸಿಕ್ಕಿದ್ದು ಸಂಜೆ. ಹಿಡಿಯೋ ಮುಂಚೇನೇ ಇವನು ಕೆತ್ತಿದಾನೆ."

ಪವಾಡ ಎಂದು ಯಾರೋ ಮಂಡಿಯೂರಿದರು. ಅನಿಸೆತೊನ ಅಂಗಿ ಮುಟ್ಟಿ ಕಣ್ಣಿಗೊತ್ತಿಕೊಂಡವರೂ ಇದ್ದರು. ಕ್ಷೌರಿಕ ಲಾಟರಿಯಲ್ಲಿ ಯಾವ ಅಂಕಿ ಬರುತ್ತದೆಂದು ಕಿವಿಯಲ್ಲಿ ಕೇಳಿದ.

ನಿಕಾನೋರ ಮಾತ್ರ ಬೆವರುತ್ತಿದ್ದ. "ಪವಾಡನೂ ಇಲ್ಲ, ಏನೂ ಇಲ್ಲ. ಸುರುಬಿಗಳೆಲ್ಲ ನೋಡೋಕೆ ಒಂದೇ ಥರ."

"ನನ್ನ ಆರು ಗಂಡುಮಕ್ಕಳೂ ಒಂದೇ ಥರ. ಆದ್ರೂ ಪೊಲೀಸ್ನೋರು ಕರೆಕ್ಟಾಗಿ ಒಬ್ಬನ್ನೇ ಎತ್ಕೊಂಡು ಹೋಗ್ತಾರೆ," ಎಂದಳು ದೋನ್ಯಾ ಎಲ್ಪಿದಿಯಾ.

ಅನಿಸೆತೊ ಸುಮ್ಮನಿದ್ದಿದ್ದರೆ ಊರಿಗೊಬ್ಬ ಸಂತನಾಗುತ್ತಿದ್ದ. ಆದರೆ ಅಷ್ಟು ಬೆನ್ನು ಬಗ್ಗಿಸಿ ಮಾಡಿದ ಕೆಲಸದ ಹೆಸರು ದೇವರಿಗೆ ಹೋಗುವುದನ್ನು ಯಾವ ಕೆಲಸಗಾರ ಸಹಿಸುತ್ತಾನೆ?

"ಒಂದೇ ಥರ ಅಲ್ಲ ಭಾವ, ಅದೇ ಮೀನು," ಎಂದ ಹೆಮ್ಮೆಯಿಂದ. "ಬೆಳಿಗ್ಗೆ ನಿನ್ನ ಕಟ್ಟೆ ಕೆಳಗೆ ಕಟ್ಟಿತ್ತಲ್ಲ, ಅದೇ. ಬಾಯಿಂದ ಹಗ್ಗ ಅಳಿಸೋಕೇ ನಂಗೆ ಪ್ರಾಣ ಹೋಯ್ತು. ಗುರುತೇ ಸಿಗ್ತಿಲ್ಲ, ನೋಡು."

ಅಂಗಳದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಬಿದ್ದದ್ದು ಸೂಜಿಯಲ್ಲ, ನಿಕಾನೋರ, ಬೇಲಿ ಹಾರುವಾಗ. ಆಮೇಲೆ ಎದ್ದ ಕೂಗಿಗೆ ನದಿಯಾಚೆಯ ನಾಯಿಗಳೂ ಬೊಗಳಿದವು. ಮೋಸ ಹಿಡಿದ ಅನಿಸೆತೊನನ್ನು ಹೆಗಲ ಮೇಲೆ ಹೊತ್ತು, ಅಕಾರ್ಡಿಯನ್ ನುಡಿಸುತ್ತಾ, ಅಂಗಳಕ್ಕೆ ಮೂರು ಸುತ್ತು ಹಾಕಿಸಿದರು. ಮೀಸೆ ಎಳೆಯುವ ಬೆರಳು ಒಂದೂ ಕಾಣಲಿಲ್ಲ. ಅಷ್ಟೆತ್ತರದಿಂದ ಅವನು ಊರನ್ನು ನೋಡಿದ್ದು ಅದೇ ಮೊದಲು.

ಮೆರವಣಿಗೆ ಬೀದಿಗಿಳಿದು ಅವನ ಅಂಗಡಿಯ ಮುಂದೆ ನಿಂತಿತು. ಹೊತ್ತವರು ಮೆಲ್ಲಗೆ ಅವನನ್ನು ಯಂತ್ರದ ಮುಂದಿನ ಕುರ್ಚಿಗೇ ಇಳಿಸಿದರು.

"ಕಳ್ಳ ಮೀನಿನ ಫಲಕ ಸಂಘ ಕೊಡಲ್ಲ," ಎಂದು ದೋನ್ ಫೌಸ್ತಿನೊ ಗಂಭೀರವಾಗಿ ಘೋಷಿಸಿದ. "ಇವತ್ತಿಂದ ಗೆದ್ದವರ ಮೀನೇ ಫಲಕದ ಮೇಲೆ. ಕುಣಿತ ಶುರುವಾಗೋದ್ರೊಳಗೆ ಹೊಸದು ಕೆತ್ತು. ಎರಡನೇ ಸ್ಥಾನದವರು ಈಗ ಮೊದಲನೆಯವರು."

"ಯಾರದು?" ಎಂದ ಅನಿಸೆತೊ, ವಿಜಯದ ಅಮಲಿನ್ನೂ ಇಳಿಯದೆ.

ಗುಂಪನ್ನು ಸೀಳಿಕೊಂಡು ಬಂದವಳು ಅವನ ಹೆಂಡತಿ ಬೆನಿಗ್ನಾ. ಸಂಜೆಯ ತನಕ ದೋಣಿಯಲ್ಲಿ ಬಿಸಿಲಿಗೆ ಕೂತು ಮುಖ ಟೊಮೇಟೊ ಆಗಿತ್ತು. ಅಣ್ಣನ ಮಾನ ಹೋದ ದುಃಖ, ತಾನು ಗೆದ್ದ ಸುಖ, ಎರಡರಲ್ಲಿ ಸುಖವೇ ಗೆದ್ದಿತ್ತು. ಅವಳು ಫೋಟೊ ಮುಂದೆ ಹಿಡಿದಳು.

ಮೀನಿನ ಮೈಮೇಲೆ ಒಂದೇ ಒಂದು ಚುಕ್ಕೆ ಇರಲಿಲ್ಲ.

ಈ ಸಲ ಹುಡುಕುವ ಕೆಲಸವೇ ಇರಲಿಲ್ಲ. ಹೋದ ವರ್ಷದ ಚಿತ್ರ ಕಂಪ್ಯೂಟರಿನಲ್ಲಿ ತಯಾರಾಗಿಯೇ ಕೂತಿತ್ತು. ಅನಿಸೆತೊ ಅದನ್ನು ತೆರೆದ. ಕಿಟಕಿಯಾಚೆ, ಪಾದ್ರಿಗಳೂ ಸೇರಿ ಇಡೀ ಊರು, ಮೂಗಿನ ಕೆಳಗೆ ಎರಡು ಬೆರಳಿಟ್ಟು ಕಾಯುತ್ತಿತ್ತು.

"ಮೀಸೇಲಿ ಮಾತ್ರ ಜಿಪುಣತನ ಮಾಡ್ಬೇಡ," ಎಂದಳು ಬೆನಿಗ್ನಾ, ಅವನ ಹೆಗಲ ಮೇಲೆ ಕೈಯಿಟ್ಟು. "ಬಾಲದ ತನಕ ಬರ್ಲಿ."