ನೊರಜಿಗೆ ಕಲೆಸಿದ ಅರಿಶಿನ

ಭಾನುವಾರ ಬೆಳಿಗ್ಗೆ ಸಾಬಣ್ಣನವರ ಚಹಾದಲ್ಲಿ ಒಂದು ನೊರಜು ಬಿದ್ದು ಸತ್ತಿತು. ಸಾಬಣ್ಣನವರು ಹೈದರಾಬಾದಿನ ಕಾಚಿಗೂಡದ ಒಂದು ಹಳೆಯ ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಕಪ್ಪು ಹಿಡಿದುಕೊಂಡು ಒಂದೊಂದೇ ಮನೆಯ ಬಾಗಿಲು ಬಡಿಯುತ್ತ ಬಂದರು.

“ಈ ಹುಳ ಯಾರ ಮನ್ಯಾಗ ಹುಟ್ಟಾಕತ್ತಾವೋ, ಅವರ ಕುಂಡಾನೂ ಹೊರಗ, ಅವರೂ ಹೊರಗ! ನಿಮ್ಮಲ್ಲಿ ಕುಂಡ ಅದಾವೇನ್ರಿ?”

“ಇಲ್ಲ ಸಾರ್,” ಎಂದ ನಚಿಕೇತ, ಮೂಗು ತೂರುವಷ್ಟೇ ಬಾಗಿಲು ತೆರೆದು.

ಕುಂಡಗಳು ಇದ್ದವು. ಮೈಸೂರಿನಿಂದ ಐಟಿ ಕೆಲಸಕ್ಕೆ ಬಂದಿದ್ದ ನಚಿಕೇತ, ವಿಡಿಯೊ ಮೀಟಿಂಗಿನಲ್ಲಿ ಬೆನ್ನ ಹಿಂದೆ ಹಸಿರು ಕಾಣಲೆಂದು ಮನಿಪ್ಲಾಂಟ್ ತಂದು, ಅಕ್ಕರೆ ಹೆಚ್ಚಾಗಿ ಹೊತ್ತುಹೊತ್ತಿಗೂ ನೀರು ಸುರಿದಿದ್ದ. ಈಗ ಎಲೆ ಅಲುಗಿದರೆ ಸಾಕು, ಸಿನಿಮಾ ಬಿಟ್ಟಾಗ ಹೊರಬೀಳುವ ಜನರ ಹಾಗೆ ನೊರಜುಗಳು ಏಳುತ್ತಿದ್ದವು.

ಗೆಳೆಯ ತರುಣನಿಗೆ ಫೋನ್ ಮಾಡಿದ.

“ನೀರು ನಿಲ್ಲಿಸು. ಹಳದಿ ಬಣ್ಣ ಕಂಡ್ರೆ ಅವು ಓಡಿ ಬರ್ತವೆ ಕಣೋ. ರಟ್ಟಿಗೆ ಹಳದಿ ಬಳಿದು, ಎಣ್ಣೆ ಸವರಿ ಕುಂಡದಲ್ಲಿ ಸಿಗಿಸು. ಅಂಟ್ಕೊಂಡು ಸಾಯ್ತವೆ.”

ಹಳದಿ ಬಣ್ಣ ಎಲ್ಲಿಂದ ತರುವುದು? ನಚಿಕೇತ ಎದುರು ಮನೆಯ ಜಯಮ್ಮನವರ ಬಾಗಿಲು ತಟ್ಟಿದ.

“ಅಮ್ಮಾ, ಒಂದು ಬಟ್ಟಲು ಅರಿಶಿನ ಸಿಗುತ್ತಾ?”

“ಬಟ್ಟಲಾ? ಒಬ್ಬಾಂವ ಇರ್ತಿ, ಇಷ್ಟ್ ಅರಿಶಿಣ ಯಾಕಪಾ?”

“ಹಚ್ಚೋಕೆ.”

“ಯಾರಿಗೆ?”

ನಚಿಕೇತನ ಕಿವಿ ಕೆಂಪಾಯಿತು. ಹುಳದ ಮಾತು ಎತ್ತುವಂತಿರಲಿಲ್ಲ. “ಈಗ ಹೇಳೋ ಹಾಗಿಲ್ಲಮ್ಮ. ನೀವೂ ಯಾರಿಗೂ ಹೇಳ್ಬೇಡಿ. ಸ್ವಲ್ಪ ಹರಳೆಣ್ಣೆನೂ ಕೊಡಿ.”

ಜಯಮ್ಮ ಅವನ ಮುಖವನ್ನೇ ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು. “ಹುಚ್ಚಪ್ಪಾ! ಇದಕ್ಯಾಕ ನಾಚ್ಕೋತಿ?”

ಯಾವುದಕ್ಕೆ ನಾಚಿದೆನೆಂದು ನಚಿಕೇತನಿಗೆ ತಿಳಿಯಲಿಲ್ಲ. ಮನೆಗೆ ಬಂದು ಅರಿಶಿನ ಕಲೆಸಿ, ರಟ್ಟಿಗೂ ಅಂಗಿಗೂ ಬಳಿದುಕೊಂಡ. ಕೈ ತೊಳೆದು ಹಾಲು ತರಲು ಬಾಗಿಲು ತೆಗೆದರೆ ಚೌಕಟ್ಟಿಗೆ ಮಾವಿನೆಲೆಯ ತೋರಣ! ಮೆಟ್ಟಿಲಲ್ಲಿ ನಿಂತಿದ್ದ ಹೆಂಗಸರು ಅವನ ಹಳದಿ ಅಂಗಿ ನೋಡಿ ಮುಸಿಮುಸಿ ನಕ್ಕರು. ಸಾಬಣ್ಣನವರು ಓಡಿಬಂದು ಬೆನ್ನಿಗೊಂದು ಗುದ್ದಿದರು.

“ಮೊದಲ ಹೇಳಬಾರದೇನ್ರಿ? ಇಲ್ಲಿ ನಿಮಗ ತಾಯಿ ತಂದಿ ಯಾರದಾರ, ನಾವಽ ಅಲ್ಲೇನು? ಸಂಜೀಕ ಎಲ್ಲಾರೂ ನಿಮ್ಮ ಮನೀಗೆ ಬರ್ತೀವಿ. ಅರಿಶಿಣ ಹಚ್ಚೇ ಬಿಡ್ತೀವಿ.”

“ನನಗಾ? ಯಾಕೆ ಸಾರ್?”

“ಮತ್ತ ನನಗ ಹಚ್ಚತಾರೇನ್ರಿ?” ಎಂದು ಅವರು ಗಹಗಹಿಸಿದರು.

ನಚಿಕೇತನಿಗೆ ಅರ್ಥವಾದದ್ದು ಒಂದೇ: ಸೆಕ್ರೆಟರಿ ಮನೆಯೊಳಗೆ ಬರುತ್ತಾರೆ. ಹಾಲು ಮರೆತ. ಕುಂಡಗಳನ್ನು ರಟ್ಟಿನ ಸಮೇತ ಗೋಣಿಚೀಲಕ್ಕೆ ತುಂಬಿ, ಹಿಂದಿನ ಮೆಟ್ಟಿಲಿಂದ ಇಳಿಸಿ, ಕಸದ ಆಟೋಕ್ಕೆ ಹಾಕಿ ಬಂದ. ಕಿಟಕಿ ತೆರೆದು, ಫ್ಯಾನ್ ಹಾಕಿ, ಟವಲ್ ಬೀಸಿ ಬೀಸಿ ಕೊನೆಯ ನೊರಜನ್ನೂ ಹೊರಗಟ್ಟಿದ.

ಸಂಜೆ ಆರತಿ ತಟ್ಟೆಯೊಂದಿಗೆ, ಸೋಬಾನೆ ಹಾಡುತ್ತ ಇಡೀ ಅಪಾರ್ಟ್‌ಮೆಂಟೇ ಬಂತು. ಅವನನ್ನು ಮಣೆಯ ಮೇಲೆ ಕೂರಿಸಿದರು. ಜಯಮ್ಮ ಎರಡೂ ಕೆನ್ನೆಗೆ ಅರಿಶಿನ ಮೆತ್ತಿ ಕೇಳಿದರು: “ಇನ್ನರ ಹೇಳಪಾ, ಹುಡುಗಿ ಯಾವ ಊರಾಕಿ?”

ಆಗ ನಚಿಕೇತನಿಗೆ ಹೊಳೆಯಿತು. ನಿಜ ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ಹುಡುಗಿಯನ್ನು ತೋರಿಸಬೇಕು.

“ಹುಡುಗಿ... ಮಧ್ಯಾಹ್ನ ಫೋನ್ ಮಾಡಿದ್ಲು,” ಎಂದ. “ಬೇಡ ಅಂದ್ಬಿಟ್ಲು.”

ಹಾಡು ನಿಂತಿತು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಬಣ್ಣನವರು ಸರ್ರನೆ ಎದ್ದುಹೋಗಿ, ತಮ್ಮ ಮನೆಯಿಂದ ಒಂದು ದೊಡ್ಡ ಕುಂಡ ಹೊತ್ತು ತಂದರು.

“ಒಬ್ಬರಽ ಇದ್ರ ಮನಸ್ಸಿಗೆ ಭಾಳ ಬ್ಯಾಸರ ಆಕ್ಕೈತ್ರಿ. ನನ್ನ ಹೆಂಡತಿ ಮಗುವಿನಂಗ ಬೆಳೆಸಿದ ಗಿಡ. ಜೋಡಿಗಿರಲಿ, ತಗೋರಿ.”

ಕುಂಡವನ್ನು ಧೊಪ್ಪೆಂದು ಅವನ ತೊಡೆಯ ಮೇಲಿಟ್ಟರು. ಅದರ ಮಣ್ಣಿನಿಂದ ಹೊಗೆಯಂತೆ ನೊರಜು ಎದ್ದು ಕೋಣೆಯನ್ನೆಲ್ಲ ತುಂಬಿಕೊಂಡಿತು.

ಅಂದರೆ ಚಹಾಕ್ಕೆ ಬಿದ್ದ ಹುಳ ಸಾಬಣ್ಣನವರ ಮನೆಯದೇ! ನಚಿಕೇತನಿಗೆ ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಸಾಬಣ್ಣನವರು ನೊರಜುಗಳನ್ನು ನೋಡಿದರು, ಗೋಡೆಗಳನ್ನು ನೋಡಿದರು, ನಚಿಕೇತನನ್ನು ನೋಡಿದರು.

“ಓಹೋ! ಕುಂಡ ಇಟ್ಟು ಉಸಿರು ಬಿಟ್ಟಿಲ್ಲ, ಆಗ್ಲೇ ಮುತ್ತಿದುವು! ಅಂದ್ರ ಹುಳ ಇರೂದು ಈ ಮನ್ಯಾಗಽ!”

“ಪಾಪ,” ಎಂದರು ಜಯಮ್ಮ, ಮೂಗಿನ ಮುಂದೆ ಸೆರಗು ಬೀಸಿಕೊಳ್ಳುತ್ತ. “ಅದಕ್ಕಽ ಆಕಿ ಒಲ್ಲೆ ಅಂದಾಳ.”