ಗೇಟಿನ ಕಮಾನು ಎತ್ತ ಹೋಯಿತು

ಎಲ್ಲ ಆ ಕಮಾನಿನಿಂದಲೇ ಆಗಿದ್ದು. ಮನೋಹರ್ ಮೇಷ್ಟ್ರು ಪಾಪ, ಏನೂ ಮಾಡಿರಲಿಲ್ಲ.

ಬೈರಾಪಟ್ಟಣದ ಪಕ್ಕದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ಮನುಷ್ಯನ ಹೆಂಡತಿ ಜ್ಯೋತಿಲಕ್ಷ್ಮಿಗೆ ಕೆಲಸ ಇರುವುದು ಕನಕಪುರದಲ್ಲಿ. ಮದುವೆಯಾದಾಗಿನಿಂದ ಸಂಸಾರವೆಲ್ಲ ಫೋನಿನಲ್ಲೇ. ಇವತ್ತು ಶಿಕ್ಷಣ ಇಲಾಖೆಯ ಸಾಹೇಬರು ಪಾಠ ನೋಡಲು ಬರುತ್ತಾರೆ, ಮೆಚ್ಚಿದರೆ ಕನಕಪುರಕ್ಕೆ ಟ್ರಾನ್ಸ್‌ಫರ್ ಖಂಡಿತ ಅಂತ ಮೇಷ್ಟ್ರ ಲೆಕ್ಕ. ಆದರೆ ವರ್ಗ ಸಮೀಕರಣದ ನಕ್ಷೆ ಎತ್ತ ಸರಿಯುತ್ತದೆ, ಯಾಕೆ ಅಗಲವಾಗುತ್ತದೆ ಅಂತ ವಾರವೆಲ್ಲ ಗಂಟಲು ಹರಿದುಕೊಂಡರೂ ಹತ್ತನೇ ಕ್ಲಾಸಿನ ತಲೆಗೆ ಹತ್ತಿರಲಿಲ್ಲ.

ಬೆಳಿಗ್ಗೆ ಶಾಮಿಯಾನದ ತಾಜ್ ಪಾಷಾ ಗೇಟಿನ ಮುಂದೆ ಬಿದಿರಿನ ಸ್ವಾಗತ ಕಮಾನು ನಿಲ್ಲಿಸಿದ. ಶಾಲಾ ಸಮಿತಿ ಅಧ್ಯಕ್ಷ ಸಿದ್ದಯ್ಯ ಸೊಂಟಕ್ಕೆ ಕೈಕೊಟ್ಟು ನೋಡಿದರು.

"ಇಸ್ಕೂಲಿನ ಹೆಸರಿನ ಬೋರ್ಡು ಮುಚ್ಕತದೆ ಕಣ್ಲಾ ಪಾಷಾ. ಬಲಕ್ಕೆ ಸರಿಸು."

ಸರಿಸಿದ. ಬಿಸಿಯೂಟದ ವರಲಕ್ಷ್ಮಮ್ಮ ಪಾತ್ರೆ ಹೊತ್ತು ಬಂದು ಕಮಾನಿಗೆ ತಗುಲಿಸಿದರು. "ಸಾಯೇಬ್ರು ಬಗ್ಗಿ ಬರ್ಬೇಕೇನಪ್ಪಾ? ಒಸಿ ಮೇಲಕ್ಕೆತ್ತು."

ಕಾಲಡಿ ಇಟ್ಟಿಗೆ ಕೊಟ್ಟು ಎತ್ತಿದ.

"ಇದ್ರಲ್ಲಿ ಕಾರು ತೂರಾಕಿಲ್ಲ, ಕಾಲು ಅಗಲಿಸು," ಅಂದರು ಸಿದ್ದಯ್ಯ. ಅಗಲಿಸಿದ್ದೇ ತಡ, ಕಮಾನು ಚಪ್ಪಟೆಯಾಯಿತು.

ಕಿಟಕಿಯಲ್ಲಿ ನಿಂತಿದ್ದ ಮೇಷ್ಟ್ರಿಗೆ ಏನೋ ಹೊಳೆಯಿತು. ಅರೆ, ನಾನು ಬೋರ್ಡಿನ ಮೇಲೆ ಬರೆದ ನಕ್ಷೆಯೂ ಹೀಗೇ ಅಲ್ಲವೇ ಸರಿಯುವುದು, ಅಗಲವಾಗುವುದು? ತಿರುಗಿದರೆ ಇಡೀ ಕ್ಲಾಸು ಅವರ ಹೆಗಲ ಹಿಂದೆ ಇಣುಕುತ್ತಿತ್ತು. ಅಷ್ಟರಲ್ಲಿ ಸಾಹೇಬರ ಕಾರು ತಗುಲಿ, ಕಮಾನು ಉರುಳಿ, ಕಾಲು ಮೇಲೆ ಮಾಡಿಕೊಂಡು ಕಾಂಪೌಂಡಿಗೆ ಒರಗಿತು.

ಸಾಹೇಬರು ಮುಖ ಗಂಟಿಕ್ಕಿಕೊಂಡೇ ಕ್ಲಾಸಿಗೆ ಬಂದರು. "ಎಕ್ಸ್ ಸ್ಕ್ವೇರ್ ಮುಂದಿನ ಅಂಕಿ ಚಿಕ್ಕದಾದರೆ ನಕ್ಷೆ ಏನಾಗತ್ತೆ?"

"ಕಾಲು ಅಗಲಿಸ್ದಂಗೆ ಸಾ, ಚಪ್ಪಟೆ ಆಯ್ತದೆ," ಅಂದಳು ಭಾನುಪ್ರಿಯ.

"ಆ ಅಂಕಿ ಮೈನಸ್ಸೋ ಪ್ಲಸ್ಸೋ, ಹೇಗೆ ಗೊತ್ತಾಗತ್ತೆ?"

"ಕಮಾನು ನಿಂತಿದ್ದಾಗ ಮೈನಸ್ಸು ಸಾ. ನಿಮ್ಮ ಕಾರು ಬಂದ್ಮೇಲೆ ಪ್ಲಸ್ಸು."

ಸಾಹೇಬರ ಹುಬ್ಬು ಸಡಿಲಾಯಿತು. "ಬ್ರಾಕೆಟ್ಟಿನಲ್ಲಿ ಎಕ್ಸ್ ಮೈನಸ್ ಎರಡು ಅಂತಿದ್ರೆ ಎಡಕ್ಕಲ್ವೇ ಹೋಗೋದು?"

"ಬಲಕ್ಕೆ ಸಾ. ಎಕ್ಸು ಎರಡಾದ್ರೇನೇ ಒಳಗೆ ಸೊನ್ನೆ ಆಗೋದು. ನೆತ್ತಿ ಅಲ್ಲೇ ಕೂರ್ತದೆ."

ಸಾಹೇಬರು ನಕ್ಕೇಬಿಟ್ಟರು. ಮೇಷ್ಟ್ರು ಮನಸ್ಸಿನಲ್ಲೇ ಕನಕಪುರದ ಬಸ್ಸು ಹತ್ತಿದರು.

"ನೋಡಿ ಮನೋಹರ್," ಸಾಹೇಬರು ಬೆನ್ನು ತಟ್ಟಿದರು, "ನಿಮ್ಮ ಟ್ರಾನ್ಸ್‌ಫರಿಗೆ ಒಪ್ಪಿಗೆ ಕೊಟ್ಟೇ ಹೋಗೋಣ ಅಂತ ಬಂದಿದ್ದೆ. ಇಂಥ ಮೇಷ್ಟ್ರನ್ನ ಈ ಮಕ್ಕಳಿಂದ ಕಿತ್ಕೊಂಡ್ರೆ ದೇವರು ಮೆಚ್ಚಲ್ಲ. ಇಲ್ಲೇ ಇರಿ."

ಸಿದ್ದಯ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಸಂಜೆ ಜ್ಯೋತಿಲಕ್ಷ್ಮಿಯ ಫೋನು. "ಏನಾಯ್ತು ರೀ?"

"ಬಲಕ್ಕೆ ಹೋಯ್ತು, ಮೇಲಕ್ಕೆ ಹೋಯ್ತು, ಅಗಲ ಆಯ್ತು, ಕೊನೆಗೆ ಮಗುಚ್ಕೊಂತು."

"ಯಾವುದು?"

"ಕಮಾನು. ನಾನು ಇಲ್ಲೇ ಇದೀನಿ ಕಣೇ."